ನಾಕೂ ಕಿವಿ ತೆಗಸ್ರಿ

ಎರಕ ಹೊಯ್ಯುವ ದಿನ ನಮ್ಮ ಕಾರ್ಖಾನೆಯ ಗೇಟಿಗೆ ಜೋತುಬಿದ್ದು ಜನ ನೋಡುತ್ತಿದ್ದರು. ಕಾದ ಕಬ್ಬಿಣ ಹರಿಯುವುದೆಂದರೆ ಎಲ್ಲರಿಗೂ ಖುಷಿ. ಮರುದಿನ ಅದೇ ಕಬ್ಬಿಣವನ್ನು ನಾವು ಮರಳಿನಿಂದ ಎಬ್ಬಿಸಿ, ಬಡಿದು, ಕೆತ್ತಿ, ಉಜ್ಜಿ ಮನುಷ್ಯರು ಮುಟ್ಟುವ ಹಾಗೆ ಮಾಡುವುದನ್ನು ನೋಡಲು ಒಂದು ನಾಯಿಯೂ ಬರುತ್ತಿರಲಿಲ್ಲ. ತೊಟ್ಟಿಲಿಗೆ ಊರೆಲ್ಲ, ಬಾಣಂತನಕ್ಕೆ ತಾಯಿಯೊಬ್ಬಳೇ ಅಂತ ನಾನು ಗೊಣಗುತ್ತಿದ್ದೆ.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ರಾಯಚೂರಿನ ಸ್ಟೇಷನ್ ಹಿಂದಿನ ಓಣಿಯ ಆ ಚಿಕ್ಕ ಕಾರ್ಖಾನೆಯಲ್ಲಿ ಅಕ್ಕಿ ಗಿರಣಿ, ಎಣ್ಣೆ ಗಾಣ, ಪಂಪುಗಳಿಗೆ ಬೇಕಾದ ಬೀಡು ಕಬ್ಬಿಣದ ಭಾಗಗಳು ಆಗುತ್ತಿದ್ದವು. ಹಿತ್ತಲಿನ ತಗಡಿನ ಶೆಡ್ಡು ನಮ್ಮದು. ಕಾಳು ಹಸನು ಮಾಡಿದ ಹಾಗೆ ಎರಕ ಹಸನು ಮಾಡುವ ಜಾಗ, ಅದಕ್ಕೆ ಎಲ್ಲರೂ ‘ಹಸನ ಶೆಡ್ಡು’ ಅನ್ನುತ್ತಿದ್ದರು. ದೇವದುರ್ಗದಿಂದ ಬಂದ ನಾನು ಅಲ್ಲಿ ಮೇಸ್ತ್ರಿ. ಡ್ರಾಯಿಂಗ್ ಓದಲು ಬರುತ್ತದೆ ಎನ್ನುವುದೊಂದೇ ನನ್ನ ಯೋಗ್ಯತೆ. ಕೆಲಸ ಬರುತ್ತಿದ್ದದ್ದು ಉಸ್ತಾದರಿಗೆ.

ಉಸ್ತಾದರು ಅರವತ್ತು ದಾಟಿದ ಎತ್ತರದ ಮನುಷ್ಯ. ಸುತ್ತಿಗೆ ಬೀಸಿ ಬೀಸಿ ಬಲ ಹೆಗಲು ಸ್ವಲ್ಪ ಕೆಳಗಿಳಿದಿತ್ತು. ಮನೆಯಲ್ಲಿ ದಖ್ಖನಿ ಉರ್ದು, ನಮ್ಮ ಜೊತೆ ಕನ್ನಡ, ಸಿಟ್ಟು ಬಂದರೆ ಎರಡೂ. ಅವರ ಕೆಲಸ ನೋಡುವುದೇ ಒಂದು ಸುಖ. ಮೊದಲು ಕಾದ ಕಬ್ಬಿಣ ಒಳಗಿಳಿದ ದಾರಿಯಲ್ಲೇ ಗಟ್ಟಿಯಾಗಿ ನಿಂತ ಕೊಂಬನ್ನು ಮುರಿಯಬೇಕು. ಸುಮ್ಮನೆ ಹೊಡೆದರೆ ಅದು ಎರಕದ ಮಾಂಸವನ್ನೂ ಕಚ್ಚಿಕೊಂಡು ಬೀಳುತ್ತದೆ. ಅದಕ್ಕೆ ಬುಡದ ಸುತ್ತ ಉಳಿಯಿಂದ ಗಾಯ ಮಾಡಿ, ಹೊರಮುಖವಾಗಿ ಒಂದೇ ಏಟು. ಆಮೇಲೆ ಅಂಚಿನಲ್ಲಿ ಎದ್ದ ತೆಳು ರೆಕ್ಕೆಗಳನ್ನು ಕೆತ್ತುವುದು, ಒಳಗೆ ಸುಟ್ಟು ಕಲ್ಲಾದ ಮರಳನ್ನು ಸರಳಿನಿಂದ ಕೆದರುವುದು, ತಂತಿಯ ಬ್ರಷ್ಷು, ಅರ, ಕೊನೆಗೆ ಸಾಣೆ. ನಾನು ಮೂರು ಏಟು ಹಾಕುವಲ್ಲಿ ಅವರದು ಒಂದು. ನಾನು ಮೂರು ಹಾಕಿದಾಗಲೂ ಒಂದು ಸೊಟ್ಟ ಬೀಳುತ್ತಿತ್ತು.

ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಎದುರಿಗೆ ನಿಂತು ಹೇಳಿದರೆ ತುಟಿ ನೋಡಿ ಅಷ್ಟಿಷ್ಟು ತಿಳಿಯುವರು, ಅಷ್ಟೇ. ನಲವತ್ತು ವರ್ಷ ತಗಡಿನ ಕೆಳಗೆ ಕಬ್ಬಿಣ ಬಡಿದವರ ಕಿವಿ ಇನ್ನೇನಾಗಬೇಕು? ಇದು ಗೊತ್ತಿದ್ದದ್ದು ನನಗೊಬ್ಬನಿಗೆ. ಅವರೂ ಬಾಯಿಬಿಟ್ಟು ಹೇಳಿರಲಿಲ್ಲ, ನಾನೂ ಎತ್ತಿರಲಿಲ್ಲ. ಆ ಗದ್ದಲದಲ್ಲಿ ಎಲ್ಲರೂ ಅಷ್ಟಿಷ್ಟು ಕೈಸನ್ನೆಯಲ್ಲೇ ಮಾತಾಡುತ್ತಿದ್ದರಿಂದ ಹೇಗೋ ಸಾಗಿತ್ತು. ಯಾರಾದರೂ ಏನಾದರೂ ಹೇಳಿದರೆ ಅವರು ನನ್ನ ಕಡೆ ನೋಡುವರು, ನಾನು ಕೈಯಲ್ಲಿ ಹೇಳುವೆ.

ಮುಚ್ಚಿಡಲು ಕಾರಣವಿತ್ತು. ಹಿಂದಿನ ವರ್ಷ ಕಾದ ಕಬ್ಬಿಣದ ಬಾನಿ ಹೊತ್ತವರು ‘ಸರೀರಿ ಸರೀರಿ’ ಎಂದು ಕೂಗಿದ್ದು ಕೇಳಿಸದೆ ಒಬ್ಬ ಮುದುಕ ಅಡ್ಡ ಬಂದು ಕಾಲು ಸುಟ್ಟುಕೊಂಡಿದ್ದ. ಅಂದಿನಿಂದ ಮಾಲಕರು ಕಟ್ಟುನಿಟ್ಟು ಮಾಡಿದ್ದರು. ಕಣ್ಣು, ಕಿವಿ ನೆಟ್ಟಗಿಲ್ಲದವರಿಗೆ ಗೇಟಿನ ಒಳಗೆ ಕೆಲಸವಿಲ್ಲ. ತಪ್ಪು ಮಾತಲ್ಲ. ಆದರೆ ಉಸ್ತಾದರು ಒಮ್ಮೆ ಚಹಾ ಕುಡಿಯುತ್ತಾ ತಾವಾಗಿಯೇ ಹೇಳಿದ್ದರು: “ಮನ್ಯಾಗ ಕೂತ್ರ ಗ್ವಾಡಿ ನೋಡ್ಕೋತ ಕೂಡಬೇಕು ಮೇಸ್ತ್ರಿ. ಇಲ್ಲಿ ಕಬ್ಬಿಣರ ಕೈಗೆ ಏನಾರ ಹೇಳ್ತದ.” ಅದನ್ನು ಕೇಳಿದ ಮೇಲೆ ಅವರ ಗುಟ್ಟು ಕಾಯುವುದು ನನ್ನ ಕೆಲಸದ ಒಂದು ಭಾಗವೇ ಆಯಿತು.

ಸುಗ್ಗಿಯ ಕಾಲ. ಪೋತ್ನಾಳದ ಒಂದು ಅಕ್ಕಿ ಗಿರಣಿಯಲ್ಲಿ ಮುಖ್ಯ ಶಾಫ್ಟಿನ ಬೇರಿಂಗ್ ಕೂರುವ ಗೂಡು ಒಡೆದು ಚೂರಾಗಿತ್ತು. ಅದಕ್ಕೆ ನಾವು ‘ಬೇರಿಂಗ್ ಮನಿ’ ಅನ್ನುತ್ತಿದ್ದೆವು. ಗಿರಣಿ ನಿಂತುಹೋಗಿ ಅಂಗಳದ ತುಂಬ ಭತ್ತದ ಚೀಲ, ರಸ್ತೆಯ ತನಕ ಬಂಡಿಗಳ ಸಾಲು. ಗಿರಣಿಯ ಸಾವ್ಕಾರರೇ ಬಂದು ಕೈಮುಗಿದು ಹೇಳಿಹೋಗಿದ್ದರು, ಆ ವಾರದ ಎರಕದಲ್ಲಿ ಅದೊಂದನ್ನು ಹೊಯ್ದುಕೊಡಿ ಅಂತ. ಹೊಯ್ದೆವು. ಅಲ್ಲಿಗೆ ಕೋಕ್ ಕಲ್ಲಿದ್ದಲು ತಳ ಕಂಡಿತು. ಮುಂದಿನ ಎರಕ ಎಂಟು ದಿನಕ್ಕೆ.

ಈ ಬೇರಿಂಗ್ ಮನೆಯ ಆಕಾರ ಹೇಳಲೇಬೇಕು. ಗಡಿಗೆ ಗಾತ್ರದ ದುಂಡನೆಯ ಕೊಳವೆ. ಬುಡದಲ್ಲಿ ನಾಲ್ಕು ಕಡೆ ಚಾಚಿದ ನಾಲ್ಕು ಕಿವಿ. ಒಂದೊಂದು ಕಿವಿಯಲ್ಲಿ ಒಂದೊಂದು ತೂತು, ಬೋಲ್ಟು ಹಾಕಿ ಗಿರಣಿಯ ಚೌಕಟ್ಟಿಗೆ ಬಿಗಿಯಲು. ಇದೇ ಅಚ್ಚಿನಿಂದ ಸಿರವಾರದ ಬೇರೊಂದು ಗಿರಣಿಗೆ ಕಿವಿ ಇಲ್ಲದ ಮನೆಯನ್ನೂ ಮಾಡಿಕೊಟ್ಟಿದ್ದೆವು. ಕಿವಿ ಸಮೇತ ಹೊಯ್ದು, ಆಮೇಲೆ ನಾಲ್ಕನ್ನೂ ಹಾರಿಸಿ. ನನ್ನ ಮೂರ್ಖತನಕ್ಕೆ ಇರುವ ನೆಪ ಇದೊಂದೇ.

ಎರಕ ಎಬ್ಬಿಸಿದ ಮುಂಜಾನೆ ಮರದ ಅಚ್ಚು ಮಾಡುವ ಬಡಿಗೇರರು ಶೆಡ್ಡಿಗೆ ಬಂದು ನೋಡಿದರು. ಕಿವಿಯ ತೂತುಗಳೊಳಗೆ ಕಬ್ಬಿಣ ನುಗ್ಗಿ ಕಟ್ಟಿಕೊಂಡಿತ್ತು. “ಮೇಸ್ತ್ರಿ, ಉಸ್ತಾದ್ರಿಗೆ ಹೇಳಿ ನಾಕೂ ಕಿವಿ ತೆಗಸ್ರಿ,” ಅಂದು ಬೀಡಿ ತೆಗೆಯುತ್ತಾ ಬಾಗಿಲ ಕಡೆ ನಡೆದರು.

ತೆಗಿ ಅಂದರೆ ನಮ್ಮಲ್ಲಿ ತೆರೆ ಅಂತಲೂ ಹೌದು, ಕಿತ್ತುಹಾಕು ಅಂತಲೂ ಹೌದು. ಬಾಗಿಲಾ ತೆಗಿ ಅಂದರೆ ಯಾರೂ ಬಾಗಿಲು ಕಿತ್ತು ಹೆಗಲ ಮೇಲೆ ಹೊತ್ತು ಬರುವುದಿಲ್ಲ. ಅಂಗಿ ತೆಗಿ ಅಂದರೆ ಯಾರೂ ಗುಂಡಿ ಬಿಚ್ಚಿ ಸುಮ್ಮನೆ ನಿಲ್ಲುವುದಿಲ್ಲ. ಯಾವಾಗ ಯಾವುದು ಎಂದು ತೊಟ್ಟಿಲ ಕೂಸಿಗೂ ಗೊತ್ತು. ಸಿರವಾರದ ಕೆಲಸ ತಲೆಯಲ್ಲಿ ಕೂತಿದ್ದ ನನಗೆ ಆ ಹೊತ್ತು ಗೊತ್ತಾಗಲಿಲ್ಲ.

ಉಸ್ತಾದರು ನನ್ನ ಕಡೆ ನೋಡಿದರು. ನಾನು ನನ್ನ ಕಿವಿ ಮುಟ್ಟಿ, ನಾಲ್ಕು ಬೆರಳು ತೋರಿಸಿ, ಕೈ ಬೀಸಿ ಒಗೆದ ಹಾಗೆ ಮಾಡಿದೆ. ಅವರು ಎರಕ ನೋಡಿದರು, ಮತ್ತೆ ನನ್ನ ಮುಖ ನೋಡಿದರು. ಸುತ್ತಿಗೆ ಕೈಯಲ್ಲೇ ಇತ್ತು. ನನಗೆ ಸಾಣೆಯ ಕಲ್ಲು ತರಲು ಪೇಟೆಗೆ ಹೋಗುವ ಅವಸರ. ಇನ್ನೊಮ್ಮೆ ಜೋರಾಗಿ ಕೈ ಬೀಸಿದೆ. ಅವರು ತಲೆಯಾಡಿಸಿ ಕೆಲಸಕ್ಕೆ ಕೂತರು.

ಪೇಟೆಯಿಂದ ತಿರುಗಿ ಬಂದಾಗ ನಾಲ್ಕು ಕಿವಿಗಳೂ ಕಟ್ಟೆಯ ಮೇಲೆ ಸಾಲಾಗಿ ಮಲಗಿದ್ದವು. ಕಡಿದ ಜಾಗ ಎಷ್ಟು ಚೊಕ್ಕವಾಗಿತ್ತೆಂದರೆ ಒಂದು ಕ್ಷಣ ನನಗೆ ಹೆಮ್ಮೆಯೇ ಆಯಿತು. ಅಷ್ಟರಲ್ಲಿ ಬಡಿಗೇರರು ಒಳಗೆ ಬಂದರು.

“ಕಿವಿ ಎಲ್ರೀ?”

“ತೆಗಸ್ರಿ ಅಂದ್ರೆಲ್ಲ?”

“ಯಪ್ಪಾ! ಕಟ್ಟಿದ ಕಿವಿ ತೆಗಸ್ರಿ ಅಂದ್ರ ಕಿವೀನ ಹಾರಿಸೀರಲ್ರೀ!” ಅವರು ತಲೆಯ ಮೇಲೆ ಕೈ ಹೊತ್ತು ಅಲ್ಲೇ ಕುಕ್ಕರಿಸಿದರು.

ಬೀಡು ಒಡೆದರೆ ಒಡೆಯಿತು. ಕಾಸಿ ಬೆಸೆದರೆ ಪಕ್ಕದಲ್ಲಿ ಬಿರಿಯುತ್ತದೆ. ಗಿರಣಿಯವರು ಒಯ್ಯಲು ಬರುವುದು ಇನ್ನೆರಡು ದಿನಕ್ಕೆ. ಹೈದರಾಬಾದಿಗೆ ಹೋಗಿದ್ದ ಮಾಲಕರು ಬರುವುದೂ ಅವತ್ತೇ. ಬಡಿಗೇರರು ಎದ್ದು ಹೋದ ಮೇಲೆ ಉಸ್ತಾದರು, ಏನಾಗಿದೆ ಎಂದು ನಮ್ಮಿಬ್ಬರ ಮುಖ ನೋಡಿಯೇ ತಿಳಿದಿದ್ದವರು, ಮೆಲ್ಲಗೆ ಹೇಳಿದರು.

“ನನಗ ಅನುಮಾನ ಬಂದಿತ್ತು ಮೇಸ್ತ್ರಿ. ತೂತು ಇಟ್ಟು ಹೊಯ್ದ ಕಿವಿ ಯಾಕ ಹಾರಿಸ್ತಾರ ಅಂತ.”

“ಮತ್ತ ಸುಮ್ನ ಯಾಕ ಹೊಡದ್ರಿ?” ನಾನು ಸಿಟ್ಟಿನಲ್ಲಿ ಅವರ ಮುಖಕ್ಕೇ ಕೂಗಿದೆ.

“ಬಡಿಗ್ಯಾರು ಬಾಗಲ್ದಾಗ ನಿಂತು ಬೀಡಿ ಹಚ್ಚಾಕತ್ತಿದ್ರು. ಇನ್ನೊಮ್ಮಿ ಹೇಳು ಅಂದ್ರ ನೀ ಅವರ ಮುಂದ ಮೂಗನ ಜೊತಿ ಮಾತಾಡಿದಂಗ ಕೈ ತಿರುವ್ತಿದ್ದಿ. ಅವರಿಗೆ ತಿಳೀತಿತ್ತು.”

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಅವರು ಅಷ್ಟು ಹೊತ್ತು ನನ್ನ ಮುಖ ನೋಡಿದ್ದು ಯಾಕೆಂದು ಆಗ ತಿಳಿದು ನಾಚಿಕೆಯಾಯಿತು. ನಿಜ ಹೇಳಿದರೆ ಮಾಲಕರ ಮೊದಲ ಪ್ರಶ್ನೆಯೇ, ಬಾಯಿ ಇರುವಾಗ ಕೈಸನ್ನೆ ಯಾಕೆ ಅಂತ. ಉಸ್ತಾದರ ಕೆಲಸ ಅಲ್ಲಿಗೆ ಮುಗಿಯಿತು. ನಾನು ಸುಮ್ಮನಿದ್ದರೆ ಕಿವಿ ಹಾರಿಸಿದ ಕೈ ಅವರದು, ಆಗಲೂ ಮುಗಿಯಿತು. ಅವರನ್ನು ಗೋಡೆ ನೋಡುತ್ತಾ ಕೂರಲು ಮನೆಗೆ ಕಳಿಸುವವನು ಎರಡರಲ್ಲೂ ನಾನೇ.

ಸ್ವಲ್ಪ ಹೊತ್ತು ಬಿಟ್ಟು ಉಸ್ತಾದರು ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ ಒಂದು ಬಳೆ ಬರೆದರು. ಬಳೆಯ ಹೊರಗೆ ತೂತಿನ ಸಮೇತ ನಾಲ್ಕು ಕಿವಿ ಬರೆದರು. “ಗಾಡಿ ಗಾಲಿಗೆ ಕಬ್ಬಿಣದ ಹಳಿ ಏರಸ್ತಾರಲ್ಲ, ಹಂಗ. ಹಳಿಗೇ ನಾಕು ಕಿವಿ. ಕಾಸಿ ಇಳಿಸಿದ್ರ ಆರೂದ್ರಾಗ ಹಿಡ್ಕೋತದ.”

ನಾನು ನೆಲ ನೋಡಿದೆ, ಅವರನ್ನು ನೋಡಿದೆ. ಆಗಬಹುದು ಅನ್ನಿಸಿತು. ಓಡಿಹೋಗಿ ಬಡಿಗೇರರನ್ನು ಕರೆತಂದೆ.

ಹಳಿ ಕಚ್ಚಬೇಕಾದರೆ ಕೊಳವೆಯ ಹೊರಮೈ ಪೂರಾ ದುಂಡಗಿರಬೇಕು. ನಮ್ಮ ಎರಕದ ಮೈ ಮೇಲಿಂದ ಕೆಳಗೆ ಸ್ವಲ್ಪ ಅಗಲ, ಕಿವಿ ಕಡಿದಲ್ಲಿ ನಾಲ್ಕು ಮೋಟು ಬೇರೆ. ಲೇತಿನಲ್ಲಿ ಹಾಕಿದರೆ ತಾಸಿನ ಕೆಲಸ. ಆದರೆ ಆಗ ಕರೆಂಟು ಸಂಜೆ ನಾಲ್ಕು ತಾಸು ಬಂದರೆ ಪುಣ್ಯ. ಪಕ್ಕದ ಓಣಿಯ ಲೇತಿನವನು ಖಡಾಖಂಡಿತ ಹೇಳಿದ: “ಒಳಗಿಂದರ ಹೇಳ್ರಿ, ಹೊರಗಿಂದರ ಹೇಳ್ರಿ. ಎರಡೂ ನನ್ನ ಕೈಲೆ ಆಗಂಗಿಲ್ಲ.” ಬೇರಿಂಗ್ ಕೂರುವ ಒಳಮೈ ಕೈಯಲ್ಲಿ ಆಗುವ ಮಾತಲ್ಲ. ಹೊರಮೈ ನಮ್ಮ ಪಾಲಿಗೆ ಬಂತು.

ಅವತ್ತು ಮಧ್ಯಾಹ್ನದಿಂದ ಮರುದಿನ ಮಧ್ಯಾಹ್ನದ ತನಕ ಉಳಿ ಮತ್ತು ಅರ, ಅಷ್ಟೇ. ಬಡಿಗೇರರು ಮರದಲ್ಲಿ ಅರ್ಧಚಂದ್ರದ ಒಂದು ಅಳತೆ ಕೊರೆದುಕೊಟ್ಟರು. ಅದರ ಒಳಗೆ ಔಡಲೆಣ್ಣೆಯಲ್ಲಿ ಕಲಸಿದ ಕುಂಕುಮ ಸವರಿ ಎರಕಕ್ಕೆ ಒತ್ತಿ ತಿರುಗಿಸಿದರೆ, ಉಬ್ಬಿದ ಕಡೆಯಷ್ಟೇ ಕೆಂಪು ಹತ್ತುತ್ತಿತ್ತು. ಕೆಂಪು ಇದ್ದಲ್ಲಿ ಅರ ಹಾಕುವುದು, ಒರೆಸುವುದು, ಮತ್ತೆ ಒತ್ತುವುದು. ಉಸ್ತಾದರಿಗೆ ಕುಂಕುಮವೂ ಬೇಕಿರಲಿಲ್ಲ. ಕಣ್ಣು ಮುಚ್ಚಿ ಅಂಗೈ ಆಡಿಸಿ, “ಇಲ್ಲಿ ಗುಡ್ಡ ಅದ, ಇಲ್ಲಿ ಹಳ್ಳ ಬಿದ್ದದ. ಹಳ್ಳ ನಿಂದು,” ಅನ್ನುವರು. ನಾನು ಅರ ಒತ್ತಿ ಹಿಡಿದರೆ ನನ್ನ ಮೊಣಕೈಗೆ ಒಂದು ಬೆರಳು ತಾಗಿಸಿ ಎತ್ತುವರು. ಎರಡು ದಿನದಲ್ಲಿ ಎರಡು ವರ್ಷದ ವಿದ್ಯೆ ಕಲಿತೆ. ಅಂಥ ಆತಂಕದಲ್ಲೂ ನಾನು ಸುಖವಾಗಿದ್ದೆ ಎಂದರೆ ನಂಬಬೇಕು.

ಹಳಿ ಮಾಡಲು ಬಂದಿದ್ದು ಗಾಡಿ ಗಾಲಿ ಕಟ್ಟುವ ಓಣಿಯ ಕಮ್ಮಾರ. ಅಳತೆಗಿಂತ ಒಂದು ಪೋಸ್ಟ್‌ಕಾರ್ಡಿನ ದಪ್ಪದಷ್ಟು ಚಿಕ್ಕದಿರಬೇಕು ಎಂದು ಅವನಿಗೆ ಪೋಸ್ಟ್‌ಕಾರ್ಡೇ ಕೊಟ್ಟು ಹೇಳಿದ್ದೆ. ಕಾರ್ಡನ್ನು ಜೇಬಿಗಿಟ್ಟುಕೊಂಡು ಅವನು ಕಣ್ಣಳತೆಯಲ್ಲೇ ಬಡಿದು ತಂದ. ತಣ್ಣಗಿದ್ದ ಹಳಿ ಎರಕದ ಮೇಲೆ ಇಟ್ಟ ಕೂಡಲೇ ಸರ್ರನೆ ತಳಕ್ಕಿಳಿಯಿತು. “ಹಳಿ ಅಲ್ಲೋ ಇದು, ಬಳಿ ಆಗ್ಯದ,” ಅಂದೆ. ಅವನು ಒಯ್ದು, ಕತ್ತರಿಸಿ, ಮತ್ತೆ ಬೆಸೆದು ತಂದ. ಈ ಸಲ ಅಂಚಿನಲ್ಲೇ ನಿಂತಿತು.

ಎರಡನೆಯ ದಿನ ಮಧ್ಯಾಹ್ನ ಶೆಡ್ಡಿನ ಹಿಂದೆ ಕುಳ್ಳು, ಜಾಲಿ ಕಟ್ಟಿಗೆ ಒಟ್ಟಿ ಹಳಿ ಕಾಸಿದೆವು. ಕಿವಿ ಎಲ್ಲಿ ಬರಬೇಕೆಂದು ಎರಕದ ಮೇಲೆ ನಾಲ್ಕು ಗೆರೆ ಎಳೆದಿಟ್ಟಿದ್ದೆ. ಒಮ್ಮೆ ಕಚ್ಚಿದರೆ ದೇವರು ಬಂದರೂ ತಿರುಗಿಸಲಾಗದು. ಹಳಿ ಮಂಕು ಕೆಂಪಾದಾಗ ಮೂವರು ಮೂರು ಕಡೆ ಇಕ್ಕಳ ಹಾಕಿ ಎತ್ತಿದೆವು. ಉಸ್ತಾದರು ಕಣ್ಣಲ್ಲೇ ಗೆರೆ ಹೊಂದಿಸಿ ‘ಛೋಡ್’ ಅಂದರು, ಬಿಟ್ಟೆವು. ಸೊಗಸಾಗಿ ಕೂತಿತು. ಅಷ್ಟರಲ್ಲಿ ಕಮ್ಮಾರ ನೀರಿನ ಕೊಡ ಎತ್ತಿದ. ಗಾಲಿಗೆ ಹಳಿ ಹಾಕಿದ ಮರುಗಳಿಗೆ ನೀರು ಹೊಯ್ಯುವುದು ಅವನಪ್ಪನ ಕಾಲದಿಂದ ಬಂದ ಪದ್ಧತಿ. ಮರ ಸುಡಬಾರದಲ್ಲ. ಆದರೆ ಬಿಸಿ ಬೀಡಿಗೆ ನೀರು ಬಿದ್ದರೆ ಸೀಳುತ್ತದೆ. ನಾನು ಕೂಗಿದೆ. ಅವನು ಅಷ್ಟರಲ್ಲಿ ಕೊಡ ವಾಲಿಸಿದ್ದ.

“ಪಾನಿ ನಕ್ಕೋ!” ಅಂದ ಉಸ್ತಾದರು ಕೊಡವನ್ನು ಅವನ ಕೈಯಿಂದಲೇ ಒದ್ದರು. ಕೊಡ ಉರುಳಿ ಬಡಿಗೇರರ ಧೋತರ ತೊಯ್ದಿತು. ಅರವತ್ತು ದಾಟಿದ ಮನುಷ್ಯ ಕಾಲು ಅಷ್ಟು ಮೇಲೆ ಎತ್ತಿದ್ದನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಆರಿದ ಮೇಲೆ ಹಳಿಯನ್ನು ಸುತ್ತಲೂ ತಟ್ಟಿ ಕೇಳಿದೆ. ನನಗೆ ಎಲ್ಲ ಕಡೆ ಒಂದೇ ನಾದ. ಉಸ್ತಾದರು ಉಳಿಯ ಒಂದು ತುದಿಯನ್ನು ಹಳಿಗೆ ತಾಗಿಸಿ, ಇನ್ನೊಂದು ತುದಿಯನ್ನು ಹಲ್ಲಲ್ಲಿ ಕಚ್ಚಿ, ತಟ್ಟು ಎಂದು ಸನ್ನೆ ಮಾಡಿದರು. ಮೂರನೆಯ ಕಿವಿಯ ಹತ್ತಿರ ಕೈ ಎತ್ತಿದರು. “ಇಲ್ಲಿ ಹಲ್ಲು ಝುಂ ಅನ್ನವಲ್ದು. ಸಡ್ಲ ಅದ.” ಬ್ಲೇಡಿನ ತುದಿ ಇಟ್ಟು ನೋಡಿದರೆ ಅಲ್ಲೊಂದು ಕಡೆ ಒಳಗೆ ಹೋಯಿತು. ಕೈ ಡ್ರಿಲ್ಲಿನಿಂದ ಹಳಿ ಮತ್ತು ಎರಕ ಕೂಡುವ ಸಂದಿಯಲ್ಲಿ ಎರಡು ತೂತು ಕೊರೆದು ಉಕ್ಕಿನ ಮೊಳೆ ಬಡಿದು ಬಿಗಿ ಮಾಡಿದೆವು. ಸಂಜೆ ಕರೆಂಟು ಬಂತು. ಲೇತಿನವನು ಮಾತಿಗೆ ತಪ್ಪದೆ ಒಳಮೈ ಕೊರೆದುಕೊಟ್ಟ.

ಮರುದಿನ ಮುಂಜಾನೆ ಮಾಲಕರೂ ಪೋತ್ನಾಳದ ಸಾವ್ಕಾರರೂ ಒಟ್ಟಿಗೇ ಶೆಡ್ಡಿಗೆ ಬಂದರು. ಮಾಲಕರು ಹಳಿ ಮುಟ್ಟಿ ನೋಡಿ, “ಇದಕ್ಯಾಕ ಡಾಬು ಉಡಿಸೀರಿ?” ಅಂದರು.

ನಾನು ರಾತ್ರಿಯೇ ತೀರ್ಮಾನ ಮಾಡಿಕೊಂಡಿದ್ದೆ. “ತಪ್ಪು ನಂದುರಿ. ತಿಳೀದ ಕಿವಿ ನಾನ ಹಾರಿಸಿದೆ. ಅದಕ್ಕ ಹಿಂಗ ಮಾಡಿವಿ.”

ಮಾಲಕರು ಕಟ್ಟೆಯ ಮೇಲಿದ್ದ ನಾಲ್ಕು ಕಿವಿಗಳಲ್ಲಿ ಒಂದನ್ನು ಎತ್ತಿ ಕಡಿದ ಮುಖ ತಿರುಗಿಸಿ ನೋಡಿದರು. “ಇಷ್ಟು ನೆಟ್ಟಗ ಹೊಡಿಯೂದು ನಿನಗ ಯಾವಾಗ ಬಂತೋ?”

ನನ್ನ ಕೆಲಸ ಕೆಟ್ಟದ್ದು ಎನ್ನುವುದು ಅಷ್ಟು ಅಡ್ಡಬರುತ್ತದೆ ಎಂದು ನಾನು ಯೋಚಿಸಿರಲಿಲ್ಲ. ಅಷ್ಟರಲ್ಲಿ ಉಸ್ತಾದರು ಅರ ಕೆಳಗಿಟ್ಟು ಎದ್ದು ಬಂದರು.

“ನಾ ಹೊಡದೀನಿ ಸಾಬ್. ಇವ ಸುಳ್ಳು ಹೇಳಾಕತ್ತಾನ.”

ಮಾಲಕರು ಅವರ ಮುಖ ನೋಡಿ, “ನಲವತ್ತು ವರ್ಷದ ಕೈ ನಿಮ್ದು. ಹೊಡಿಯೂಕಿಂತ ಮೊದ್ಲ ಒಂದು ಮಾತು ಕೇಳಲಿಲ್ಲೇನು?” ಅಂದರು.

“ಕೇಳಲಿಲ್ಲ ಸಾಬ್,” ಅಂದರು ಉಸ್ತಾದರು. ತಮ್ಮ ಕಿವಿ ಮುಟ್ಟಿ ತೋರಿಸಿದರು. “ಕೇಳೂದಿಲ್ಲ. ಅದಕ್ಕ ಕೇಳಲಿಲ್ಲ.”

ಶೆಡ್ಡಿನಲ್ಲಿ ಎಲ್ಲರ ಕೈ ನಿಂತವು. ಮಾಲಕರು ಕೈಯಲ್ಲಿದ್ದ ಕಿವಿಯನ್ನು ಕಟ್ಟೆಯ ಮೇಲಿಟ್ಟು, “ಕೇಳೂದಿಲ್ಲಂದ್ರ, ಇವ ಸುಳ್ಳು ಹೇಳಾಕತ್ತಾನ ಅಂತ ಹೆಂಗ ತಿಳೀತು?” ಅಂದರು.

“ಇವನ ಸುಳ್ಳು ತಿಳ್ಯಾಕ ಕಿವಿ ಯಾಕ ಬೇಕು? ಮಾರಿ ನೋಡಿದ್ರ ಸಾಕು.”

ಮಾಲಕರು ನಗಲಿಲ್ಲ. ಸಾವ್ಕಾರರ ಕಡೆ ತಿರುಗಿ ಅಂದರು: “ಮೇಸ್ತ್ರಿನ್ನ ಕರ್ಕೊಂಡ್ ಹೋಗ್ರಿ. ಅವನ ಹಚ್ಚಿ ಬರ್ಲಿ. ಗಿರಣಿ ನಡದ್ರ ಆಮ್ಯಾಲ ಮಾತು.”

ಪೋತ್ನಾಳದ ಬಸ್ಸಿನಲ್ಲಿ ಬೇರಿಂಗ್ ಮನೆಯನ್ನು ತೊಡೆಯ ಮೇಲೇ ಇಟ್ಟುಕೊಂಡು ಹೋದೆ. ನಾಲ್ಕೂ ತೂತು ಚೌಕಟ್ಟಿಗೆ ಸರಿಯಾಗಿ ಕೂತವು. ಎಂಜಿನ್ ಹಚ್ಚಿದರು, ಪಟ್ಟಾ ಏರಿಸಿದರು, ಶಾಫ್ಟು ತಿರುಗಿತು. ಹಳಿಯ ಮೇಲೆ ಅಂಗೈ ಇಟ್ಟು ಎರಡು ತಾಸು ನಿಂತೆ. ಅದುರಲಿಲ್ಲ, ಬಿಸಿಯಾಗಲಿಲ್ಲ. ಹೊಸ ಅಕ್ಕಿ ಬೀಳತೊಡಗಿದಾಗ ಸಾವ್ಕಾರರು ಒಂದು ಬೊಗಸೆ ತಂದು ನನ್ನ ಕೈಗೆ ಹಾಕಿದರು. ನನಗೆ ಕಣ್ಣೀರು ಬಂತು, ಧೂಳು ಬಿತ್ತು ಅಂತ ಹೇಳಿದೆ.

ಮರುದಿನ ವಿಷಯ ತಿಳಿಸಿದಾಗ ಮಾಲಕರು ಶೆಡ್ಡಿಗೇ ಬಂದು ಎಲ್ಲರ ಮುಂದೆ ಹೇಳಿದರು. ಉಸ್ತಾದರಿಗೆ ಕಾಣುವ ಹಾಗೆ ನಿಂತು, ಒಂದೊಂದೇ ಮಾತು. “ಎರಕದ ದಿನ ನೀವು ಈ ಶೆಡ್ ಬಿಟ್ಟು ಅಂಗಳಕ್ಕ ಕಾಲಿಡಂಗಿಲ್ಲ. ಇಟ್ರಿ ಅಂದ್ರ ಅವತ್ತ ಮನಿಗೆ. ಉಳದ ದಿನ ಇಲ್ಲೇ ಇರ್ರಿ.” ನನ್ನ ಕಡೆ ತಿರುಗಿ, “ನೀ ಕೈ ತಿರುವೂದು ಬಿಡು. ತೂತು ಬಿಡಿಸೂದಿದ್ರ ಗುಂಡು ಬರಿ, ಹಾರಿಸೂದಿದ್ರ ಅಡ್ಡಗೆರಿ ಹೊಡಿ. ಸುಣ್ಣಕ್ಕೇನು ಬರ ಬಂದದ?” ಅಂದು ಹೋದರು.

ಅವರ ಬೆನ್ನು ಮರೆಯಾಗುವುದಕ್ಕೂ ಬಡಿಗೇರರು ಬಾಗಿಲಲ್ಲಿ ಏನೋ ಹೇಳುವುದಕ್ಕೂ ಸರಿಹೋಯಿತು. ಉಸ್ತಾದರು ಅಭ್ಯಾಸದಂತೆ ನನ್ನ ಕಡೆ ತಿರುಗಿದರು. ಆಮೇಲೆ ಏನನ್ನಿಸಿತೋ, ಕಿವಿಗೆ ಅಂಗೈ ಆನಿಸಿ ಬಡಿಗೇರರಿಗೇ ಅಂದರು: “ಏನಂದ್ರಿ? ಜೋರ್ ಹೇಳ್ರಿ, ನಾ ಕಿವುಡ ಅದೀನಿ!” ಬಡಿಗೇರರು ಓಣಿಗೆಲ್ಲ ಕೇಳುವಂತೆ ಒದರಿದರು. ಅವತ್ತು ಉಸ್ತಾದರು ಸಿಕ್ಕಸಿಕ್ಕವರನ್ನೆಲ್ಲ ಏನಂದಿ, ಏನಂದಿ ಎಂದು ಕೇಳಿ ಕೇಳಿ ನಮ್ಮೆಲ್ಲರ ಗಂಟಲು ಹರಿಯುವ ಹಾಗೆ ಮಾಡಿದರು. ಎಷ್ಟು ವರ್ಷದ ಬಾಕಿಯೋ ಅನ್ನಿಸಿತು.

ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತಾಗ ಅವರು ನನ್ನ ಪಕ್ಕ ಸರಿದರು. ಏನೋ ತಪ್ಪು ಮಾಡಿದವರ ಹಾಗೆ ತಗ್ಗಿದ ದನಿಯಲ್ಲಿ ಕೇಳಿದರು.

“ಮೇಸ್ತ್ರಿ, ನಿನ್ನ ಮಗಳ ಹೆಸ್ರೇನು?”

ಮೂರು ವರ್ಷದಿಂದ ಅವರು ನನ್ನ ಮನೆಗೆ ಬಂದು ಹೋಗುತ್ತಿದ್ದರು. ಪ್ರತಿ ಸಲವೂ ಅವಳನ್ನು ಎತ್ತಿ ಆಡಿಸುವರು, ಬಚ್ಚಿ ಬಚ್ಚಿ, ಅಂದರೆ ಮಗು ಮಗು, ಅನ್ನುವರು. ಅದು ಮುದ್ದಿನ ಕರೆ ಎಂದು ನಾನೂ ನನ್ನ ಹೆಂಡತಿಯೂ ತಿಳಿದಿದ್ದೆವು.

“ಅನ್ನಪೂರ್ಣಾ!” ನಾನು ಕೂಗಿದೆ.

ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. “ಇನ್ನೊಮ್ಮಿ ಹೇಳು,” ಅಂದರು.